ಜಿಲೇಬಿ ಮೀನಿನ ಮಣ್ಣಿನ ವಾಸನೆ

ಸಭಿಕರೆ,

ಕೆರೆಯ ಮೀನುಗಳ ಬಗ್ಗೆ ಮಾತನಾಡಬೇಕೆಂದು ಕೇಳಿದವರು, ನಾನು ಕಾಟ್ಲಾ, ರೋಹುಗಳ ಬಗ್ಗೆಯೋ ಕಾವೇರಿಯ ಮಹಶೀರ್ ಬಗ್ಗೆಯೋ ಹೇಳುತ್ತೇನೆಂದು ಭಾವಿಸಿದ್ದಿರಬೇಕು. ನಾನು ಆರಿಸಿಕೊಂಡಿರುವುದು ಜಿಲೇಬಿ ಮೀನನ್ನು. ಹಳೇ ಮೈಸೂರು ಸೀಮೆಯ ಕೆರೆಗಳಲ್ಲಿ ಗಾಳ ಹಾಕಿ ಕೂತವನಿಗೆ ಸಾಮಾನ್ಯವಾಗಿ ಮೊದಲು ಸಿಗುವುದೂ ಅದೇ, ‘ಥೂ, ಜಿಲೇಬಿ’ ಎಂದು ಬೈಸಿಕೊಳ್ಳುವುದೂ ಅದೇ. ನೆಂಟರು ಬಂದ ದಿನ ಅದನ್ನು ಮನೆಗೆ ತಂದರೆ ಮರ್ಯಾದೆ ಹೋಯಿತೆಂದು ತಿಳಿಯುವವರಿದ್ದಾರೆ. ಈ ತಿರಸ್ಕಾರದಲ್ಲಿ ಅರ್ಧ ನ್ಯಾಯವಾದದ್ದು, ಉಳಿದರ್ಧ ನಮ್ಮ ಅಡುಗೆಮನೆಯ ಅವಸರದ್ದು ಎಂಬುದು ನನ್ನ ಅಭಿಪ್ರಾಯ.

ನ್ಯಾಯವಾದ ಅರ್ಧವನ್ನು ಮೊದಲು ಹೇಳಿಬಿಡುತ್ತೇನೆ. ಜಿಲೇಬಿ ನಮ್ಮ ನೀರಿನ ಮೀನಲ್ಲ. ವಿಜ್ಞಾನಿಗಳು ಮೊಸಾಂಬಿಕ್ ತಿಲಾಪಿಯಾ ಎಂದು ಕರೆಯುವ ಈ ಮೀನಿನ ತವರು ಆಫ್ರಿಕಾದ ಆಗ್ನೇಯ ಕರಾವಳಿಯ ನದಿಗಳು. ‘ತಿಲಾಪಿಯಾ’ ಎಂಬ ಹೆಸರೇ ಬಾಯಿಂದ ಬಾಯಿಗೆ ಸವೆದು ‘ಜಿಲೇಬಿ’ ಆಗಿರಬೇಕೆಂಬುದು ನನ್ನ ಊಹೆ. ಸಿಹಿತಿಂಡಿಗೂ ಇದಕ್ಕೂ ಬೇರಾವ ಸಂಬಂಧವೂ ನನಗೆ ಕಂಡಿಲ್ಲ. 1930ರ ದಶಕದಲ್ಲಿ ಜಾವಾ ದ್ವೀಪದ ಅಳಿವೆಯೊಂದರಲ್ಲಿ ಇದು ಕಾಣಿಸಿಕೊಂಡಿತು. ಅದನ್ನು ಹಿಡಿದು ಸಿಹಿನೀರಿಗೆ ಪಳಗಿಸಿದ ಮುಜಾಯಿರ್ ಎಂಬವರ ಹೆಸರಿನಿಂದಲೇ ಇಂಡೋನೇಷ್ಯಾದವರು ಇಂದಿಗೂ ಅದನ್ನು ಕರೆಯುತ್ತಾರೆ. ಭಾರತಕ್ಕೆ ಬಂದದ್ದು 1952ರಲ್ಲಿ, ಬಡವರಿಗೆ ಅಗ್ಗದ ಪೌಷ್ಟಿಕ ಆಹಾರವಾಗಲೆಂಬ ಸದುದ್ದೇಶದಿಂದ. ಏಳೇ ವರ್ಷಗಳಲ್ಲಿ, 1959ರಲ್ಲಿ, ಇನ್ನು ಮುಂದೆ ಇದನ್ನು ಹರಡಬಾರದೆಂಬ ನಿರ್ಬಂಧವೂ ಬಂತು. ಆ ಹೊತ್ತಿಗೆ ಮೀನು ನಾಲೆ, ತೂಬು, ಕೋಡಿಗಳ ದಾರಿ ಹಿಡಿದಾಗಿತ್ತು. ಇಂದು ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ವಿಚಿತ್ರವೆಂದರೆ, ತವರಿನ ನದಿಗಳಲ್ಲಿ ಸೋದರ ಜಾತಿಯಾದ ನೈಲ್ ತಿಲಾಪಿಯಾದೊಂದಿಗೆ ಬೆರಕೆಯಾಗುತ್ತಾ ಇದರ ಶುದ್ಧ ತಳಿಯೇ ಅಪಾಯದಲ್ಲಿದೆ.

ಹೀಗೆ ಹರಡಲು ಕಾರಣವನ್ನು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಬೇಸಿಗೆಯಲ್ಲಿ ಕೆರೆ ಹಿಂದೆ ಸರಿದಾಗ ಅಂಗಳದ ಒದ್ದೆ ಮಣ್ಣಿನ ಮೇಲೆ ಊಟದ ತಟ್ಟೆಯಷ್ಟಗಲದ ಗುಳಿಗಳು ಒಂದರ ಪಕ್ಕ ಒಂದು ಇರುವುದನ್ನು ನೀವು ನೋಡಿರಬಹುದು. ಎಮ್ಮೆಯ ಗೊರಸಿನ ಗುರುತೆಂದು ನಾನು ಬಾಲ್ಯದಲ್ಲಿ ನಂಬಿದ್ದೆ. ಅವು ಗಂಡು ಜಿಲೇಬಿಗಳು ಬಾಯಿಂದ ಮಣ್ಣೆತ್ತಿ ತೋಡಿದ ಗೂಡುಗಳು. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು, ಕೂಡಲೇ ಅವನ್ನು ಬಾಯಿಗೆ ತುಂಬಿಕೊಂಡು ಹೊರಡುತ್ತದೆ. ಮರಿಗಳು ಈಜಲು ಕಲಿತ ಮೇಲೂ ಅಪಾಯ ಕಂಡರೆ ತಾಯಿಯ ಬಾಯಿಗೇ ನುಗ್ಗುತ್ತವೆ. ಕಿಕ್ಕಿರಿದ ಕೆರೆಯಲ್ಲಿ ಅಂಗೈಯುದ್ದ ಬೆಳೆಯುವ ಮೊದಲೇ ಮರಿಹಾಕಲು ತೊಡಗುವುದರಿಂದ ಸಂಖ್ಯೆ ಏರುತ್ತದೆ, ಗಾತ್ರ ಕುಗ್ಗುತ್ತದೆ. ಗುತ್ತಿಗೆ ಹಿಡಿದು ಗೆಂಡೆ ಮರಿ ಬಿಟ್ಟವನಿಗೆ ಇದರ ಮೇಲೆ ಸಿಟ್ಟು ಬಂದರೆ ಅದು ಸಹಜ.

ಹಿಡಿಯುವುದು ಸುಲಭ ಎನ್ನುತ್ತಾರೆ, ಪೂರ್ತಿ ನಿಜವಲ್ಲ. ಇದರ ಬಾಯಿ ಸಣ್ಣದು, ಆದ್ದರಿಂದ ಗಾಳವೂ ಸಣ್ಣದಿರಬೇಕು. ಎರೆಹುಳುವನ್ನು ಇಡಿಯಾಗಿ ಚುಚ್ಚಿದರೆ ಬಾಲವನ್ನಷ್ಟೇ ಕಚ್ಚಿಕೊಂಡು ಹೋಗುತ್ತದೆ. ಉಗುರಿನಷ್ಟು ತುಂಡು ಸಾಕು. ಹುಳು ಸಿಗದ ದಿನ ರಾತ್ರಿ ಉಳಿದ ರಾಗಿಮುದ್ದೆಗೆ ಸ್ವಲ್ಪ ಗೋಧಿಹಿಟ್ಟು ನಾದಿ ಅಂಟು ಬರಿಸಿಕೊಂಡರೆ ನಡೆಯುತ್ತದೆ. ಬಿಸಿಲು ನೀರಿಗೆ ತಾಗಿದ ಮೇಲೆ, ತೂಬಿನ ಮೆಟ್ಟಿಲ ಬಳಿ, ಮೊಣಕಾಲಿನಿಂದ ಸೊಂಟದಷ್ಟು ಆಳದಲ್ಲಿ ಬೆಂಡು ನಿಲ್ಲಿಸಬೇಕು. ಬೆಂಡು ಒಮ್ಮೆಗೇ ಮುಳುಗುವುದಿಲ್ಲ. ಮೊದಲು ನಡುಗುತ್ತದೆ, ಅನಂತರ ಯಾರೋ ನೂಲು ಕಟ್ಟಿ ಎಳೆದಂತೆ ಓರೆಯಾಗಿ ಸರಿಯುತ್ತದೆ. ಎಳೆಯಬೇಕಾದದ್ದು ಸರಿಯುವಾಗ. ನಡುಗುವಾಗಲೇ ಎಳೆದು ಬರಿ ಗಾಳ ನೋಡಿದ ಬೆಳಗುಗಳು ನನ್ನ ಲೆಕ್ಕದಲ್ಲಿ ಬಹಳ ಇವೆ. ಬೆನ್ನಿನ ಮೇಲೆ ಹದಿನೈದಕ್ಕೂ ಹೆಚ್ಚು ಮುಳ್ಳುಗಳಿರುವುದರಿಂದ, ತಲೆಯ ಕಡೆಯಿಂದ ಬಾಲದ ಕಡೆಗೆ ಸವರುತ್ತಾ ಮುಳ್ಳನ್ನು ಮಲಗಿಸಿಯೇ ಹಿಡಿಯಬೇಕು. ಚಿಕ್ಕದೆಂದು ಮರಳಿ ನೀರಿಗೆ ಬಿಡುವ ಔದಾರ್ಯ ಈ ಮೀನಿನ ವಿಷಯದಲ್ಲಿ ಬೇಡ. ಹಾಗೆಂದು ನಾವು ತಿಂದೇ ಇದನ್ನು ಮುಗಿಸುತ್ತೇವೆ ಎಂದೂ ನಾನು ಹೇಳಲಾರೆ.

ಇನ್ನು ಮುಖ್ಯ ಆರೋಪ: ಮಣ್ಣಿನ ವಾಸನೆ. ಇದಕ್ಕೆ ಕಾರಣ ಜಿಯೋಸ್ಮಿನ್ ಎಂಬ ವಸ್ತು. ನೀಲಿ-ಹಸಿರು ಪಾಚಿಯೂ ಮಣ್ಣಿನ ಕೆಲವು ಸೂಕ್ಷ್ಮಜೀವಿಗಳೂ ಅದನ್ನು ತಯಾರಿಸುತ್ತವೆ. ಅದು ನೀರಿನಿಂದ ಕಿವಿರುಗಳ ಮೂಲಕ ಒಳಸೇರಿ ಮೀನಿನ ಕೊಬ್ಬಿನಲ್ಲಿ ನಿಲ್ಲುತ್ತದೆ. ಅದೇ ಕೆರೆಯಲ್ಲಿ ಬೆಳೆದ ಕಾಟ್ಲಾಕ್ಕೂ ಅದು ತಪ್ಪಿದ್ದಲ್ಲ. ಮೊದಲ ಮಳೆ ಬಿದ್ದಾಗ ನಾವು ಮೂಗರಳಿಸಿ ಆಘ್ರಾಣಿಸುವ ಮಣ್ಣಿನ ಪರಿಮಳದಲ್ಲಿರುವುದೂ, ಬೀಟ್‌ರೂಟಿನಲ್ಲಿರುವುದೂ ಇದೇ ವಸ್ತು. ಅಂಗಳದಲ್ಲಿ ಪರಿಮಳವೆನಿಸಿದ್ದು ತಟ್ಟೆಗೆ ಬಂದಾಗ ವಾಸನೆಯಾಗುತ್ತದೆ, ಅಷ್ಟೆ. ಮೀನನ್ನು ಕೆಲವು ದಿನ ಶುದ್ಧ ನೀರಿನಲ್ಲಿ ಹಿಟ್ಟು ಹಾಕದೆ ಬಿಟ್ಟರೆ ಇದು ತಾನಾಗಿಯೇ ಇಳಿಯುತ್ತದೆ. ಅದಕ್ಕೆ ತೊಟ್ಟಿ ಇಲ್ಲದವರಿಗೆ ಹುಣಸೆಹಣ್ಣು ಇದೆ: ಹುಳಿಯಲ್ಲಿ ಜಿಯೋಸ್ಮಿನ್ ರೂಪ ಬದಲಿಸಿ ವಾಸನೆ ಕಳೆದುಕೊಳ್ಳುತ್ತದೆ. 1965ರಲ್ಲಿ ವಿಜ್ಞಾನಿಗಳು ಅದಕ್ಕೆ ಹೆಸರಿಡುವುದಕ್ಕಿಂತ ಬಹಳ ಮೊದಲೇ ನಮ್ಮ ಅಜ್ಜಿಯರು ಕೆರೆಮೀನಿಗೆ ಹುಳಿ ಮುಂದಾಗಿ ಹಾಕುತ್ತಿದ್ದರು.

ಆದರೆ ಹುಳಿ ಎಲ್ಲವನ್ನೂ ತೊಳೆಯುವುದಿಲ್ಲ. ಬೆಳ್ಳಂದೂರಿನಂತೆ ಊರಿನ ಕೊಳಚೆ ಬಂದು ನೊರೆಯೆದ್ದ ಕೆರೆಯಲ್ಲೂ ಜಿಲೇಬಿ ಬದುಕಬಲ್ಲದು, ಏಕೆಂದರೆ ಉಳಿದ ಮೀನುಗಳು ತಾಳದಷ್ಟು ಕಡಿಮೆ ಆಮ್ಲಜನಕವನ್ನು ಅದು ತಾಳುತ್ತದೆ. ಅಂಥ ನೀರಿನ ಮೀನನ್ನು ಯಾವ ಮಸಾಲೆ ಹಾಕಿಯೂ ತಿನ್ನಬಾರದು.

ಅಡುಗೆಯಲ್ಲಿ ಅರ್ಧ ಕೆಲಸ ತೊಳೆಯುವುದರಲ್ಲೇ ಇದೆ. ಹುರುಪೆ ತೆಗೆದು ಹೊಟ್ಟೆ ಸೀಳಿದಾಗ ಒಳಗೋಡೆಗೆ ಮಸಿ ಬಳಿದಂತೆ ಕಪ್ಪು ಪೊರೆಯೊಂದು ಅಂಟಿಕೊಂಡಿರುತ್ತದೆ. ಅದನ್ನು ಬಿಟ್ಟರೆ ಸಾರು ಕಹಿಯಾಗುತ್ತದೆ; ತೆಂಗಿನ ನಾರಿನಿಂದ ಉಜ್ಜಿ, ಒಳಗೋಡೆ ಬೆಳ್ಳಗಾಗುವವರೆಗೂ ತೆಗೆಯಬೇಕು. ತಲೆ ಹಾಕುವುದಾದರೆ ಕಿವಿರನ್ನು ಕಿತ್ತೇ ಹಾಕಬೇಕು. ಬಳಿಕ ಕಲ್ಲುಪ್ಪು, ಅರಿಸಿನ, ಗಟ್ಟಿ ಹುಣಸೆರಸ ಸವರಿ ಅರ್ಧ ಗಂಟೆ ಇಟ್ಟು, ಆ ನೀರನ್ನು ಚೆಲ್ಲಿ, ಮತ್ತೆ ತೊಳೆಯಬೇಕು. ನಮ್ಮ ಮನೆಯಲ್ಲಿ ಧನಿಯ, ಒಣಮೆಣಸಿನಕಾಯಿ, ಕಾಳುಮೆಣಸು, ಜೀರಿಗೆ ಹುರಿದು, ಸುಟ್ಟ ಈರುಳ್ಳಿ ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ರುಬ್ಬುತ್ತಾರೆ. ಕಾಯಿ ಒಂದು ಹಿಡಿಗಿಂತ ಹೆಚ್ಚಿಲ್ಲ. ಹುಳಿ ಮಸಾಲೆಗಳು ಚೆನ್ನಾಗಿ ಕುದ್ದು ಹಸಿವಾಸನೆ ಹೋದ ಮೇಲೆಯೇ ಮೀನು ಹಾಕುವುದು, ಹಾಕಿದ ಮೇಲೆ ಸೌಟು ಮುಟ್ಟಿಸದಿರುವುದು. ಪಾತ್ರೆಯನ್ನು ಬಟ್ಟೆಯಿಂದ ಹಿಡಿದು ಒಂದು ಸುತ್ತು ತಿರುಗಿಸಿದರೆ ಸಾಕು. ಏಳೆಂಟು ನಿಮಿಷಕ್ಕೆ ಒಲೆಯಿಂದ ಇಳಿಸಬಹುದು. ಬೆರಳುದ್ದದವನ್ನು ಸಾರಿಗೆ ಹಾಕದೆ, ಅಕ್ಕಿಹಿಟ್ಟು ಖಾರದಪುಡಿ ಹಚ್ಚಿ ಗರಿಗರಿಯಾಗಿ ಕರಿದರೆ ಮುಳ್ಳು ಸಮೇತ ತಿನ್ನಬಹುದು.

ದೊಡ್ಡದರಲ್ಲಿ ಇನ್ನೊಂದು ಅನುಕೂಲವಿದೆ. ರೋಹು, ಗೆಂಡೆಗಳ ಮಾಂಸದ ನಡುವೆ ಕವಲೊಡೆದ ಸಣ್ಣ ಮುಳ್ಳುಗಳು ಅಡಗಿರುತ್ತವೆ. ಜಿಲೇಬಿಯಲ್ಲಿ ಅವು ಇಲ್ಲ. ನಡುಮುಳ್ಳು, ಪಕ್ಕೆಮುಳ್ಳುಗಳನ್ನು ಬಿಡಿಸಿದರೆ ಉಳಿಯುವುದು ಬರಿ ಬಿಳಿ ಮಾಂಸ. ನನ್ನ ನಾಲ್ಕು ವರ್ಷದ ಮೊಮ್ಮಗಳಿಗೆ ಮುದ್ದೆಯ ಜೊತೆ ನಾವು ಮೊದಲು ತಿನ್ನಿಸಿದ ಮೀನು ಇದೇ. ಅದರ ಹೆಸರು ಕೇಳಿದ ಅವಳು ಇದಕ್ಕೆ ಸಕ್ಕರೆ ಯಾಕೆ ಹಾಕಿಲ್ಲ ಎಂದು ಅಜ್ಜಿಯೊಡನೆ ಜಗಳ ತೆಗೆದಿದ್ದಳು.