ಕಡಲಿನ ಅಪಾಯಕ್ಕೆ ದಡದಲ್ಲೇ ತಯಾರಿ

ಕೇಳುಗ ಬಂಧುಗಳಿಗೆ ನಮಸ್ಕಾರ.

2021ರ ಮೇ 17ರಂದು ತೌಕ್ತೆ ಚಂಡಮಾರುತದ ಹೊಡೆತಕ್ಕೆ ಸಿಕ್ಕಿ, ಮುಂಬೈ ಕಡಲಿನ ಬಾಂಬೆ ಹೈ ತೈಲಕ್ಷೇತ್ರದ ಬಳಿ ಪಿ-305 ಎಂಬ ಬಾರ್ಜ್, ಅಂದರೆ ಚಪ್ಪಟೆ ತಳದ ದೊಡ್ಡ ನೌಕೆ, ಮುಳುಗಿತು. ಅದರಲ್ಲಿದ್ದ 261 ಮಂದಿಯಲ್ಲಿ 186 ಮಂದಿ ಬದುಕಿ ಬಂದರು. ಅವರಲ್ಲಿ ಹಲವರು ಲೈಫ್ ಜಾಕೆಟ್ ತೊಟ್ಟು, ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡು, ನೌಕಾಪಡೆಯ ಹಡಗು ಹತ್ತಿರ ಬರುವವರೆಗೆ ಗಂಟೆಗಟ್ಟಲೆ ಅಲೆಗಳ ಮೇಲೆ ತೇಲಿದವರು. ಅದೇ ಬಿರುಗಾಳಿಯಲ್ಲಿ ನಮ್ಮ ಮೂಲ್ಕಿಯ ಕಡಲಿನ ಬಂಡೆಗಳಿಗೆ ಸಿಕ್ಕಿಕೊಂಡ ಟಗ್ಗಿನ (ಹಡಗುಗಳನ್ನು ಎಳೆಯುವ ಸಣ್ಣ ಹಡಗಿನ) 9 ಮಂದಿಯನ್ನು ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆ ಸೇರಿ ದಡ ಸೇರಿಸಿದವು. ನೆರವು ಬಂದೇ ಬರುತ್ತದೆ. ಆದರೆ ಅದು ಬರುವವರೆಗೆ ಜೀವ ಹಿಡಿದುಕೊಂಡಿರುವ ವಿದ್ಯೆ ನಮ್ಮಲ್ಲಿರಬೇಕು.

ವಾಣಿಜ್ಯ ಹಡಗುಗಳ ಸಿಬ್ಬಂದಿಗೆ ನಾವಿಕರ ತರಬೇತಿಗೆ ಸಂಬಂಧಿಸಿದ 1978ರ ಎಸ್‌ಟಿಸಿಡಬ್ಲ್ಯೂ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಹೀಗೆ ಕಡಲಿನಲ್ಲಿ ಜೀವ ಉಳಿಸಿಕೊಳ್ಳುವ ತರಬೇತಿ ಕಡ್ಡಾಯ. ಅದರಲ್ಲಿ ಈಜು ಒಂದು ಸಣ್ಣ ಭಾಗ ಮಾತ್ರ. ಎತ್ತರದಿಂದ ನೀರಿಗೆ ಇಳಿಯುವಾಗ ಒಂದು ಕೈಯಿಂದ ಮೂಗು ಬಾಯಿ ಮುಚ್ಚಿ, ಇನ್ನೊಂದು ಕೈಯಿಂದ ಜಾಕೆಟ್ಟನ್ನು ಕೆಳಕ್ಕೆ ಒತ್ತಿ ಹಿಡಿದು, ದೃಷ್ಟಿಯನ್ನು ನೇರ ಮುಂದಿಟ್ಟು ಹೆಜ್ಜೆ ಹಾಕಬೇಕು. ಇಲ್ಲದಿದ್ದರೆ ಜಾಕೆಟ್ಟೇ ಗಲ್ಲಕ್ಕೆ ಬಡಿದು ಗಾಯಮಾಡುತ್ತದೆ. ಗಾಳಿ ತುಂಬುವ ಲೈಫ್‌ರಾಫ್ಟ್, ಅಂದರೆ ಜೀವರಕ್ಷಕ ತೆಪ್ಪ, ಮಗುಚಿ ಬಿದ್ದರೆ, ಅನಿಲದ ಸಿಲಿಂಡರ್ ಇರುವ ಬದಿಯಲ್ಲಿ ಕಾಲೂರಿ, ತಳದ ಪಟ್ಟಿಯನ್ನು ಹಿಡಿದು, ಹಿಂದಕ್ಕೆ ವಾಲಿ ಎಳೆಯಬೇಕು. ರಾಫ್ಟ್ ಎಳೆದವನ ಮೇಲೆಯೇ ಮಗುಚಿ ಬೀಳುತ್ತದೆ, ಒಂದು ಕ್ಷಣ ಸುತ್ತ ಕತ್ತಲಾಗುತ್ತದೆ. ಆಗ ಗಾಬರಿಯಾಗದೆ ಅಂಗಾತ ಈಜಿ ಹೊರಬರುವುದನ್ನು ಪುಸ್ತಕ ಓದಿ ಕಲಿಯಲಾಗದು, ಕೊಳದಲ್ಲಿ ಮಾಡಿಯೇ ಕಲಿಯಬೇಕು. ಕಲಿತದ್ದು ಮೈಗೆ ಮರೆತುಹೋಗುತ್ತದೆಂಬ ಕಾರಣಕ್ಕೇ 5 ವರ್ಷಕ್ಕೊಮ್ಮೆ ತರಬೇತಿಯನ್ನು ನವೀಕರಿಸಿಕೊಳ್ಳಬೇಕೆಂಬ ನಿಯಮವಿದೆ.

ನಮ್ಮ ಅರಬ್ಬೀ ಸಮುದ್ರದ ನೀರು ಬೆಚ್ಚಗಿರುವುದರಿಂದ ಚಳಿಯ ಭಯವಿಲ್ಲವೆಂದು ಹಲವರು ನಂಬಿದ್ದಾರೆ. ಇದು ಅಪಾಯದ ನಂಬಿಕೆ. ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ನೀರು ಮೈಯ ಶಾಖವನ್ನು ಸೆಳೆಯುತ್ತದೆ. ರಾತ್ರಿಯಿಡೀ ನೀರಿನಲ್ಲಿದ್ದವನು ಬೆಚ್ಚನೆಯ ಕಡಲಿನಲ್ಲೂ ಕುಗ್ಗಿಹೋಗುತ್ತಾನೆ. ಆದ್ದರಿಂದ ದೂರದ ದಡಕ್ಕೆ ಈಜಿ ದಣಿಯುವ ಬದಲು ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು, ನಾಲ್ಕಾರು ಮಂದಿಯಿದ್ದರೆ ಒತ್ತಾಗಿ ಸೇರಿಕೊಂಡು ತೇಲಬೇಕು. ಬಾಯಾರಿದರೂ ಸಮುದ್ರದ ನೀರನ್ನು ಕುಡಿಯಲೇಬಾರದು, ಏಕೆಂದರೆ ಆ ಉಪ್ಪನ್ನು ಹೊರಹಾಕಲು ಮೂತ್ರಪಿಂಡಗಳು ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ದೇಹದಿಂದಲೇ ತೆಗೆಯಬೇಕಾಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ನಮ್ಮ ಮೀನುಗಾರರ ವಿಷಯ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು 7 ಮಂದಿಯೊಂದಿಗೆ ಕಣ್ಮರೆಯಾಯಿತು. ತಿಂಗಳುಗಳ ನಂತರ ಕಡಲ ತಳದಲ್ಲಿ ಅವಶೇಷ ಮಾತ್ರ ಸಿಕ್ಕಿತು. ಎಷ್ಟೋ ಬೋಟುಗಳಲ್ಲಿ ಲೈಫ್ ಜಾಕೆಟ್‌ಗಳು ಬಲೆಯ ರಾಶಿಯ ಅಡಿಯಲ್ಲೋ ಕ್ಯಾಬಿನ್ನಿನ ಮೂಲೆಯಲ್ಲೋ ಕಟ್ಟಿಟ್ಟಂತೆಯೇ ಇರುತ್ತವೆ. ಬೋಟು ವಾಲುವ ಹೊತ್ತಿನಲ್ಲಿ ಅದನ್ನು ಹುಡುಕಿ, ಗಂಟು ಬಿಚ್ಚಿ, ತೊಡಲು ಯಾರಿಗೂ ಸಮಯ ಸಿಗುವುದಿಲ್ಲ. ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬೋಟುಗಳು ಬಂದರಿನಲ್ಲಿ ಕಟ್ಟಿರುತ್ತವೆ, ಬಲೆ ಹೆಣೆಯುವ ಕೆಲಸ ನಡೆದಿರುತ್ತದೆ. ಆ ದಿನಗಳಲ್ಲಿ ಬೋಟು ನಡೆಸುವ ತಂಡೇಲರು ತಮ್ಮ ಜೊತೆಗಾರರೆಲ್ಲರಿಗೂ ಕಣ್ಣು ಮುಚ್ಚಿಕೊಂಡೇ ಜಾಕೆಟ್ ತೊಡುವ ಅಭ್ಯಾಸ ಮಾಡಿಸಬಹುದು. ಅದಕ್ಕೆ ಖರ್ಚಿಲ್ಲ.

ಆಪತ್ತಿನಲ್ಲಿ ವಿಎಚ್‌ಎಫ್ ರೇಡಿಯೋದ 16ನೆಯ ಚಾನೆಲ್ಲಿನಲ್ಲಿ ಮೂರು ಬಾರಿ ಮೇಡೇ ಎಂದು ಕೂಗಬೇಕು. ಮೊಬೈಲ್ ಸಂಪರ್ಕವಿದ್ದರೆ ಕರಾವಳಿ ಕಾವಲು ಪಡೆಯ 1554 ಸಂಖ್ಯೆಗೆ ಕರೆ ಮಾಡಬಹುದು. ಮೊದಲು ಬೋಟಿನ ಹೆಸರು, ಜಿಪಿಎಸ್ ತೋರಿಸುವ ಅಕ್ಷಾಂಶ ರೇಖಾಂಶ, ಆಗಿರುವ ತೊಂದರೆ, ಬೋಟಿನಲ್ಲಿರುವವರ ಸಂಖ್ಯೆ, ಇಷ್ಟನ್ನು ಹೇಳಿ. ಉಳಿದುದನ್ನು ಅವರೇ ಕೇಳಿ ತಿಳಿದುಕೊಳ್ಳುತ್ತಾರೆ. ನಮಸ್ಕಾರ.