ಹುಡುಗರಿಗೂ ಹುಡುಗಿಯರಿಗೂ ಒಂದೇ ಬಚ್ಚಲು

ಕೇಳುಗರಿಗೆ ನಮಸ್ಕಾರ.

ಪಿಯುಸಿ ಮುಗಿಸಿ ನೇರವಾಗಿ ಅಮೆರಿಕದ ಕಾಲೇಜು ಸೇರುವ ಮಕ್ಕಳು ಈಗ ನಮ್ಮಲ್ಲೂ ಇದ್ದಾರೆ. ಫೀಸು, ವೀಸಾ, ಊಟ ಎಲ್ಲದರ ಬಗ್ಗೆಯೂ ಮನೆಯಲ್ಲಿ ಕೂತು ಮಾತಾಡಿರುತ್ತಾರೆ. ಬಚ್ಚಲುಮನೆಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅಲ್ಲಿನ ಕೆಲವು ಹಾಸ್ಟೆಲ್ಲುಗಳಲ್ಲಿ ಹುಡುಗರಿಗೂ ಹುಡುಗಿಯರಿಗೂ ಬಚ್ಚಲುಮನೆ ಒಂದೇ. ಹಲ್ಲುಜ್ಜಲು ಹೋದರೆ ಪಕ್ಕದ ಸಿಂಕಿನ ಮುಂದೆ ಒಬ್ಬ ಹುಡುಗ ಗಡ್ಡ ಬೋಳಿಸುತ್ತಾ ನಿಂತಿರುತ್ತಾನೆ. ನಮ್ಮ ಹುಡುಗಿಗೆ ಕೈಕಾಲೇ ಆಡುವುದಿಲ್ಲ. ಹುಡುಗರಿಗೇನೂ ಸಂಕೋಚ ಕಡಿಮೆಯಲ್ಲ.

ಅಲ್ಲಿ ಮೊದಲಿನಿಂದಲೂ ಹೀಗಿರಲಿಲ್ಲ. 1960ರ ದಶಕದವರೆಗೂ ಹುಡುಗಿಯರು ರಾತ್ರಿ ಇಂತಿಷ್ಟು ಹೊತ್ತಿಗೆ ಹಾಸ್ಟೆಲ್ ಸೇರಲೇಬೇಕು ಅಂತ ಬಹಳಷ್ಟು ಕಾಲೇಜುಗಳಲ್ಲಿ ಕಟ್ಟುನಿಟ್ಟಿತ್ತು. 1970ರಲ್ಲಿ ಓಹಾಯೊ ರಾಜ್ಯದ ಓಬರ್ಲಿನ್ ಕಾಲೇಜಿನ ಮಿಶ್ರ ಹಾಸ್ಟೆಲ್, ಅಂದರೆ ಹುಡುಗರೂ ಹುಡುಗಿಯರೂ ಒಟ್ಟಿಗೆ ಇರುವ ಹಾಸ್ಟೆಲ್, 'ಲೈಫ್' ಪತ್ರಿಕೆಯ ಮುಖಪುಟಕ್ಕೇ ಬಂತು. ಅಷ್ಟು ದೊಡ್ಡ ಸುದ್ದಿ ಅದು. ಆಮೇಲೆ ಒಂದೇ ಮಹಡಿಯಲ್ಲಿ ಅಕ್ಕಪಕ್ಕದ ಕೋಣೆ ಕೊಡುವುದು ಶುರುವಾಯಿತು. ಹಳೆಯ ಕಟ್ಟಡಗಳಲ್ಲಿ ಮಹಡಿಗೆ ಒಂದೇ ಬಚ್ಚಲುಮನೆ ಇದ್ದರೆ ಇನ್ನೇನು ಮಾಡುವುದು, ಅಲ್ವಾ?

ಒಳಗೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಸಾಲಾಗಿ ಸಿಂಕುಗಳು. ಅದರಾಚೆ ಬಾಗಿಲಿರುವ ಟಾಯ್ಲೆಟ್ಟುಗಳು. ಆದರೆ ಆ ಬಾಗಿಲು ನೆಲ ಮುಟ್ಟುವುದಿಲ್ಲ, ಕೆಳಗೆ ಮೊಣಕಾಲಿನವರೆಗೆ ಖಾಲಿ. ಪಕ್ಕದಲ್ಲೂ ಬೆರಳು ತೂರುವಷ್ಟು ಸಂದು. ಷವರಿಗೆ ಕೆಲವು ಕಡೆ ಬಾಗಿಲಿರುತ್ತದೆ, ಕೆಲವು ಕಡೆ ಬರೀ ಪರದೆ. ಅಂದರೆ ಎಲ್ಲರೂ ಒಟ್ಟಿಗೆ ಇರುವುದು ಸಿಂಕಿನ ಹತ್ತಿರ ಮಾತ್ರ. ಹಾಗಿದ್ದರೂ ಆ ಸಂದು ನೋಡಿದರೆ ಯಾರಿಗಾದರೂ ಮುಜುಗರವಾಗುತ್ತದೆ. ಅದಕ್ಕೆ ಮಕ್ಕಳನ್ನು ಬೈಯಬೇಡಿ.

ಬಟ್ಟೆ ಬದಲಿಸಲು ಒಳಗೆ ಒಣ ಜಾಗ ಇರುವುದೇ ಅಪರೂಪ. ಹಾಗಾಗಿ ಮೈ ಪೂರ್ತಿ ಮುಚ್ಚುವ ಸ್ನಾನದ ಗೌನು ಒಂದನ್ನು ಇಲ್ಲಿಂದಲೇ ಕಳಿಸಿ. ಸೋಪು, ಶಾಂಪೂ ಹಾಕಿಕೊಂಡು ಹೋಗಲು ತೂತಿರುವ ಬುಟ್ಟಿ, ಒದ್ದೆ ನೆಲಕ್ಕೆ ರಬ್ಬರ್ ಚಪ್ಪಲಿ ಬೇಕು. ಟಾಯ್ಲೆಟ್ಟಿನಲ್ಲಿ ನಲ್ಲಿ ಇರುವುದಿಲ್ಲ, ಒಂದು ಮಗ್ಗೂ ಇರಲಿ. ಬೆಳಗಿನ ನೂಕುನುಗ್ಗಲು ಕಷ್ಟ ಅನಿಸಿದರೆ ರಾತ್ರಿ ತಡವಾಗಿ ಸ್ನಾನ ಮಾಡಬಹುದು. ಎಷ್ಟೋ ಜನ ಹಾಗೆ ಶುರು ಮಾಡಿ, ಕೆಲವೇ ವಾರಗಳಲ್ಲಿ ಹೊಂದಿಕೊಂಡಿದ್ದಾರೆ.

ನನಗೆ ನಿಜವಾಗಿ ಕಳವಳ ತರುವ ಸಂಗತಿ ಬೇರೆ. ಕೆಲವು ಕಾಲೇಜುಗಳಲ್ಲಿ ವರ್ಷದ ಆರಂಭದಲ್ಲಿ ಮಹಡಿಯವರೆಲ್ಲ ಸೇರಿ ಬಚ್ಚಲು ಬೇರೆ ಬೇರೆ ಇರಲೋ, ಒಂದೇ ಇರಲೋ ಅಂತ ತೀರ್ಮಾನಿಸುತ್ತಾರೆ. ಹೊಸ ಊರು, ಹೊಸ ಮುಖಗಳು. ಎಲ್ಲರೂ ಸರಿ ಅನ್ನುವಾಗ ಹದಿನೆಂಟರ ಹುಡುಗಿ ಒಬ್ಬಳೇ ಬೇಡ ಅಂತ ಕೈ ಎತ್ತುತ್ತಾಳೆಯೇ? ಸುಮ್ನೆ ಕೂರುತ್ತಾಳೆ. ಆಮೇಲೆ ವರ್ಷವಿಡೀ ಕಷ್ಟಪಡುತ್ತಾಳೆ. ಇಂಥ ಕಡೆ ಚೀಟಿ ಬರೆದು ಗುಟ್ಟಾಗಿ ಹಾಕುವ ಪದ್ಧತಿಯೇ ಸರಿ. ಒಬ್ಬರು ಬೇಡ ಅಂದರೂ ಅದಕ್ಕೆ ಬೆಲೆ ಸಿಗಬೇಕು. ಮೈಯ ವಿಷಯದಲ್ಲಿ ಬಹುಮತ ನಡೆಯಬಾರದು.

ಬೇಡ ಅನ್ನುವವರು ನಾವು ಮಾತ್ರ ಅಂತಲೂ ತಿಳಿಯಬೇಡಿ. 1997ರಲ್ಲಿ ನಾಲ್ವರು ಯಹೂದಿ ವಿದ್ಯಾರ್ಥಿಗಳು, ಮಿಶ್ರ ಹಾಸ್ಟೆಲ್ಲಿನಲ್ಲಿ ಇರಲು ತಮ್ಮ ಧರ್ಮ ಒಪ್ಪುವುದಿಲ್ಲ ಅಂತ ಯೇಲ್ ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದರು. 2000ದಲ್ಲಿ ಮೇಲ್ಮನವಿಯಲ್ಲೂ ಸೋತರು. ಅಂದರೆ ಸೇರಿದ ಮೇಲೆ ಜಗಳ ಆಡಿ ಗೆಲ್ಲುವುದು ಸುಲಭವಲ್ಲ.

ಆದ್ದರಿಂದ ಹಾಸ್ಟೆಲ್ ಅರ್ಜಿ ತುಂಬುವಾಗಲೇ ಕೇಳಿ. ಹುಡುಗಿಯರದೇ ಮಹಡಿ ಇದೆಯೇ, ಕೋಣೆಗೇ ಬಚ್ಚಲು ಇದೆಯೇ, ಒಬ್ಬರೇ ಚಿಲಕ ಹಾಕಿಕೊಳ್ಳುವ ಬಚ್ಚಲು ಹತ್ತಿರದಲ್ಲಿದೆಯೇ. ಇಮೇಲಿನಲ್ಲೇ ಉತ್ತರ ತರಿಸಿಕೊಳ್ಳಿ. ಅಲ್ಲಿ ಹೋದ ಮೇಲೆ ತೊಂದರೆಯಾದರೆ, ಸಾಮಾನ್ಯವಾಗಿ ಪ್ರತಿ ಮಹಡಿಯ ಉಸ್ತುವಾರಿಗೂ ಒಬ್ಬ ಹಿರಿಯ ವಿದ್ಯಾರ್ಥಿ ಇರುತ್ತಾರೆ, ಅವರನ್ನು ಆರ್‌ಎ ಅನ್ನುತ್ತಾರೆ. ಮೊದಲ ವಾರದಲ್ಲೇ ಅವರಿಗೆ ಹೇಳಲಿ. ಅಪ್ಪ ಅಮ್ಮನಿಗೆ ಫೋನಿನಲ್ಲಿ ಹೇಳಲು ನಾಚಿಕೆಯಾಗದ ಹಾಗೆ, ಹೊರಡುವ ಮುಂಚೆ ಮನೆಯಲ್ಲೇ ಈ ಮಾತು ಒಮ್ಮೆ ಆಗಿರಲಿ.

ನಮಸ್ಕಾರ.