ಒಂದು ಕ್ಲಿಕ್‌ಗೆ ಒಂದೇ ಆ್ಯಪ್

ಎಲ್ಲರಿಗೂ ನಮಸ್ಕಾರ. ಸ್ಕ್ರೀನ್ ಮೇಲೆ ಕಾಣುತ್ತಿರುವುದು ನಮ್ಮ ಗೇಮಿಂಗ್ ಗುಂಪಿಗೆ ನಾನೇ ಮಾಡುತ್ತಿರುವ ಪುಟ್ಟ ಪೇಜ್. ಮಧ್ಯದಲ್ಲಿ ಒಂದೇ ಬಟನ್ ಇದೆ. ಒತ್ತಿದರೆ ಕೌಂಟರ್-ಸ್ಟ್ರೈಕ್ 2 ಶುರುವಾಗಬೇಕು, ಜೊತೆಗೇ ಆಡುವಾಗ ಒಬ್ಬರಿಗೊಬ್ಬರು ಮಾತಾಡುವ ಆ್ಯಪ್ ಟೀಮ್‌ಸ್ಪೀಕ್ ತೆರೆದು ಎಲ್ಲರೂ ಒಂದೇ ಚಾನೆಲ್‌ಗೆ ಬಂದು ಸೇರಬೇಕು. ಈಗ ಒತ್ತುತ್ತೇನೆ, ನೋಡಿ. ಗೇಮ್ ಓಡಿಸುವ ಆ್ಯಪ್ ಸ್ಟೀಮ್ ತೆರೆಯಲಾ ಅಂತ ಬ್ರೌಸರ್ ಕೇಳಿತು, ಹೂಂ ಅಂದೆ, ಗೇಮ್ ಬಂತು. ಟೀಮ್‌ಸ್ಪೀಕ್ ಮಾತ್ರ ಬರಲಿಲ್ಲ.

ಇದು ಯಾಕೆ ಹೀಗೆ ಅಂದರೆ, ಸ್ಟೀಮ್, ಟೀಮ್‌ಸ್ಪೀಕ್, ಡಿಸ್ಕಾರ್ಡ್ ಇವೆಲ್ಲ ಇನ್‌ಸ್ಟಾಲ್ ಆಗುವಾಗ ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ‘ಈ ಥರ ಶುರುವಾಗುವ ಲಿಂಕ್ ನನ್ನದು’ ಅಂತ ಬರೆದಿಡುತ್ತವೆ. ಬ್ರೌಸರ್ ಆ ಲಿಂಕನ್ನು ವಿಂಡೋಸ್ ಕೈಗೆ ಕೊಡುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಆ ಕಡೆ ಗೇಮ್ ತೆರೆಯಿತಾ, ಆ ಆ್ಯಪ್ ಕಂಪ್ಯೂಟರ್‌ನಲ್ಲಿ ಇದೆಯಾ ಇಲ್ವಾ, ಪೇಜಿಗೆ ಗೊತ್ತಾಗುವುದಿಲ್ಲ. ಜೊತೆಗೆ ಕ್ರೋಮ್‌ನಲ್ಲಿ ಒಂದು ಕ್ಲಿಕ್‌ಗೆ ಒಂದೇ ಹೊರಗಿನ ಆ್ಯಪ್. ಎರಡನೆಯದಕ್ಕೆ ಮತ್ತೆ ಕ್ಲಿಕ್ ಬೇಕು. ‘ಈ ಸೈಟ್‌ಗೆ ಯಾವಾಗಲೂ ಅನುಮತಿ’ ಅಂತ ಟಿಕ್ ಹಾಕಿದರೆ ಕೇಳುವುದು ನಿಲ್ಲುತ್ತದೆ, ಅದೂ ಆ ಒಂದು ಸೈಟ್‌ಗೆ, ಆ ಒಂದು ಆ್ಯಪ್‌ಗೆ ಮಾತ್ರ.

ಮೊದಲು ಹೀಗಿರಲಿಲ್ಲ. 2011ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 3 ನೆನಪಿದೆಯಾ? ಅದರ ಬ್ಯಾಟಲ್‌ಲಾಗ್ ಅನ್ನುವ ಪೇಜ್ ಬ್ರೌಸರ್‌ನಲ್ಲೇ ಇತ್ತು, ಸರ್ವರ್ ಆರಿಸಿದರೆ ಗೇಮ್ ಅಲ್ಲಿಂದಲೇ ಶುರು. ಅದು ನಡೆಯುತ್ತಿದ್ದದ್ದು ಪ್ಲಗಿನ್ ಮೇಲೆ, ಅಂದರೆ ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಮ್ ಮೇಲೆ, ಆ ಥರದ ಪ್ಲಗಿನ್‌ಗಳಿಗೆ ಹೆಚ್ಚೂಕಮ್ಮಿ ನಮ್ಮ ಕಂಪ್ಯೂಟರ್ ಪೂರ್ತಿ ತೆರೆದೇ ಇರುತ್ತಿತ್ತು. ಕ್ರೋಮ್ 2015ರಲ್ಲಿ ಅವನ್ನು ತೆಗೆದುಹಾಕಿತು, ಫೈರ್‌ಫಾಕ್ಸ್ 2017ರಲ್ಲಿ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದದ್ದನ್ನು ನಿಲ್ಲಿಸಿತು.

ಸುಮ್ನೆ ತೆಗೆದದ್ದಲ್ಲ. ಬರೀ ಲಿಂಕ್‌ನಿಂದಲೇ ಎಷ್ಟು ಹಾನಿ ಆಗಬಹುದು ಅಂತ 2012ರಲ್ಲೇ ಗೊತ್ತಾಗಿತ್ತು. ಸ್ಟೀಮ್ ಲಿಂಕ್ ಮೂಲಕ ಗೇಮ್‌ಗೆ ಬೇಕಾದ ಆದೇಶ ಕೊಟ್ಟು, ಅದು ನಡೆದದ್ದನ್ನು ಬರೆದಿಡುವ ಲಾಗ್ ಫೈಲನ್ನು ವಿಂಡೋಸ್ ಸ್ಟಾರ್ಟ್‌ಅಪ್ ಫೋಲ್ಡರ್‌ಗೆ ಬರೆಸಬಹುದು ಅಂತ ರಿವಲ್ನ್ ಸಂಸ್ಥೆಯ ಸಂಶೋಧಕರು ತೋರಿಸಿದರು. ಅಂದರೆ ಮುಂದಿನ ಸಲ ಕಂಪ್ಯೂಟರ್ ಆನ್ ಮಾಡಿದಾಗ ಅವರು ಬರೆಸಿದ್ದು ತಾನಾಗಿಯೇ ಓಡುತ್ತದೆ!

ಇನ್ನು 2019ರ ಝೂಮ್ ವಿಷಯ. ಸಫಾರಿ 12 ಆ್ಯಪ್ ತೆರೆಯುವ ಮೊದಲು ಕೇಳತೊಡಗಿದಾಗ, ಆ ಒಂದು ಕ್ಲಿಕ್ ಉಳಿಸಲು ಝೂಮ್ ಮ್ಯಾಕ್‌ನಲ್ಲಿ ಒಂದು ಸಣ್ಣ ವೆಬ್ ಸರ್ವರ್ ಕೂರಿಸಿತ್ತು. ಅದರಿಂದ ಯಾವುದೋ ಸೈಟ್ ತೆರೆದರೂ ನಿಮ್ಮನ್ನು ಕೇಳದೆ ಕಾಲ್‌ಗೆ ಸೇರಿಸಿ ಕ್ಯಾಮೆರಾ ಆನ್ ಮಾಡಬಹುದಿತ್ತು. ಝೂಮ್ ಅನ್‌ಇನ್‌ಸ್ಟಾಲ್ ಮಾಡಿದರೂ ಆ ಸರ್ವರ್ ಉಳಿಯುತ್ತಿತ್ತು. ಕೊನೆಗೆ ಆಪಲ್ ತಾನೇ ಅಪ್‌ಡೇಟ್ ಕಳಿಸಿ ಅದನ್ನು ಅಳಿಸಿತು. ಇದನ್ನೆಲ್ಲ ನೋಡಿದ ಮೇಲೆ ಬ್ರೌಸರ್ ತಡೆಯುವುದು ನನಗೆ ಪೂರ್ತಿ ಒಪ್ಪಿಗೆ. ಒಪ್ಪಿಗೆ ಇಲ್ಲದ್ದು ಅದು ಬಾಯಿ ಬಿಡದೆ ತಡೆಯುವುದು. ಪೇಜ್ ಮಾಡುವವರಿಗೆಂದು ಬ್ರೌಸರ್‌ನಲ್ಲಿರುವ ಡೆವಲಪರ್ ಕನ್ಸೋಲ್ ತೆರೆದರೆ ಮಾತ್ರ ‘ಬಳಕೆದಾರರ ಕ್ಲಿಕ್ ಬೇಕು’ ಅನ್ನುವ ಅರ್ಥದ ಸಾಲು ಸಿಗುತ್ತದೆ. ಗೇಮ್ ಆಡಲು ಬಂದವರು ಕನ್ಸೋಲ್ ಯಾಕೆ ತೆರೆಯುತ್ತಾರೆ, ಅಲ್ವಾ?

ಹಾಗಾಗಿ ಪೇಜಿನಲ್ಲಿ ಈಗ ಎರಡು ಬಟನ್ ಹಾಕುತ್ತಿದ್ದೇನೆ. ಮೊದಲು ಟೀಮ್‌ಸ್ಪೀಕ್, ಆಮೇಲೆ ಗೇಮ್. ಈ ಕ್ರಮ ಮುಖ್ಯ, ಯಾಕೆಂದರೆ ಗೇಮ್ ಮೊದಲು ತೆರೆದರೆ ಫುಲ್‌ಸ್ಕ್ರೀನ್ ಆಗಿ ಬ್ರೌಸರ್ ಹಿಂದೆ ಹೋಗುತ್ತದೆ, ಎರಡನೇ ಬಟನ್ ಕಾಣುವುದೇ ಇಲ್ಲ. ಬಟನ್ ಕೆಳಗೆ ‘ತೆರೆಯಲಿಲ್ವಾ? ಇಲ್ಲಿಂದ ಇನ್‌ಸ್ಟಾಲ್ ಮಾಡಿ’ ಅನ್ನುವ ಲಿಂಕ್ ಕೂಡ ಇರುತ್ತದೆ. ನಿಮ್ಮ ಒಬ್ಬರದೇ ಕಂಪ್ಯೂಟರ್ ಆದರೆ ಬ್ರೌಸರ್ ಬೇಕಾಗಿಯೇ ಇಲ್ಲ. ನೋಟ್‌ಪ್ಯಾಡ್‌ನಲ್ಲಿ ಎರಡು ಸಾಲಿನ ಬ್ಯಾಚ್ ಫೈಲ್ (ವಿಂಡೋಸ್ ಒಂದೊಂದಾಗಿ ಓಡಿಸುವ ಆದೇಶಗಳ ಫೈಲ್) ಬರೆದು ಡೆಸ್ಕ್‌ಟಾಪ್‌ನಲ್ಲಿ ಇಟ್ಟುಕೊಳ್ಳಿ, ಡಬಲ್ ಕ್ಲಿಕ್ ಮಾಡಿದರೆ ಎರಡೂ ತೆರೆಯುತ್ತವೆ. ಆದರೆ ಬೇರೆಯವರು ಕಳಿಸಿದ ಬ್ಯಾಚ್ ಫೈಲ್ ಆದರೆ ಮೊದಲು ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಿ, ಆಮೇಲೆ ಓಡಿಸಿ.